ಎಡ ಹಿಡಿಕೆಯೋ ಬಲ ಹಿಡಿಕೆಯೋ? ಮುರ್ರೆಲ್ ಮೀನಿಗೆ ರೀಲ್ ತಗೋಬೇಕು, ಸಲಹೆ ಕೊಡಿ

ಬೆಣ್ಣೆತೊರೆ_ಗಾಳ, ಕಲಬುರಗಿ
ಎಲ್ಲರಿಗೂ ಶರಣು. ಚಿಕ್ಕಂದಿನಿಂದ ಬಿದಿರು ಕೋಲು, ಬೆಂಡು, ಎರೆಹುಳು ಇಷ್ಟರಲ್ಲೇ ಮೀನು ಹಿಡಿದವನು ನಾನು. ಈಗ ಮೊದಲ ಸಲ ರೀಲ್ ಇರೋ ಸೆಟ್ ಆನ್‌ಲೈನ್‌ನಲ್ಲಿ ತರಿಸಿದ್ದೇನೆ. 3000 ಸೈಜಿನ ಸ್ಪಿನ್ನಿಂಗ್ ರೀಲ್, 7 ಅಡಿ ರಾಡ್. ಡಬ್ಬಿ ತೆಗೆದರೆ ಹಿಡಿಕೆ ಎಡಗಡೆ ಇದೆ. ನನಗೆ ಊಟ, ಬರಹ, ಬೌಲಿಂಗ್ ಎಲ್ಲಾ ಬಲಗೈಯೇ. ಗೆಳೆಯ ನೋಡಿ "ಇದು ಎಡಚರ ರೀಲು, ವಾಪಸ್ ಕಳಿಸು" ಅಂದ. ಸದ್ಯಕ್ಕೆ ರೀಲ್ ರಾಡಿನ ಮೇಲ್ಗಡೆ ಬರೋ ಹಾಗೆ ತಿರುಗಿಸಿ ಹಿಡಿದು ಬಲಗೈಲಿ ಸುತ್ತುತ್ತಿದ್ದೇನೆ. ಫೋಟೋ ಕೆಳಗಿದೆ.

ಇದನ್ನು ವಾಪಸ್ ಕಳಿಸಬೇಕಾ? ಇನ್ನೊಂದು ಪ್ರಶ್ನೆ. ಹೇರೂರ ಹತ್ರ ಬೆಣ್ಣೆತೊರೆ ಹಿನ್ನೀರಿನ ಜೊಂಡಿನಲ್ಲಿ ಮುರ್ರೆಲ್ ಆಡೋಕೆ ಒಂದು ಬೇಟ್‌ಕಾಸ್ಟರ್ ರೀಲ್ (ರಾಡಿನ ಮೇಲೆ ಕೂರೋ ಥರದ್ದು) ತಗೋಬೇಕು ಅಂತಿದ್ದೇನೆ. ಅದರಲ್ಲೂ ಎಡ ಬೇಕಾ ಬಲ ಬೇಕಾ ಅಂತ ಕೇಳ್ತಾರೆ. ಏನು ಹೇಳಲಿ?

ಭೀಮಾ_ದಂಡಿ, ಅಫಜಲಪುರ
ವಾಪಸ್ ಕಳಿಸಬೇಡ ತಮ್ಮಾ. ಮೊದಲು ಆ ರೀಲನ್ನು ಕೆಳಗೆ ಮಾಡು!

ಗೇರ್_ಗ್ರೀಸ್, ಬೀದರ್
ಫೋಟೋ ನೋಡಿದೆ. ಸ್ಪಿನ್ನಿಂಗ್ ರೀಲ್ ಯಾವತ್ತೂ ರಾಡಿನ ಕೆಳಗೆ ನೇತಾಡಬೇಕು. ತೂಕ ಕೆಳಗಿದ್ದರೆ ರಾಡ್ ಕೈಯಲ್ಲಿ ತಾನಾಗೇ ನೆಟ್ಟಗೆ ಕೂರುತ್ತದೆ. ಮೇಲೆ ಮಾಡಿದರೆ ಮೀನು ಎಳೆದಾಗಲೆಲ್ಲ ಹೊರಳೋಕೆ ನೋಡುತ್ತದೆ. ದಾರ ಹಾಯೋ ರಾಡಿನ ಬಳೆಗಳೂ ಕೆಳಗೇ ಇರಬೇಕು. ಮೇಲೆ ಬಂದರೆ ರಾಡ್ ಬಾಗಿದಾಗ ದಾರ ಹೋಗಿ ಕಡ್ಡಿಗೆ ಉಜ್ಜುತ್ತದೆ. ಜೊತೆಗೆ ಹಿಡಿಕೆಯನ್ನು ಹಿಂದಕ್ಕೆ, ನಿಮ್ಮ ಎದೆ ಕಡೆಗೆ ಸುತ್ತಬೇಕಾಗುತ್ತದೆ. ನೀವು ಹಾಗೇ ಸುತ್ತುತ್ತಿದ್ದೀರಿ ಅಲ್ವಾ?

ಈಗ ಹಿಡಿಕೆ ವಿಷಯ. ಇವತ್ತು ಸಿಗೋ ಸ್ಪಿನ್ನಿಂಗ್ ರೀಲುಗಳಲ್ಲಿ ಹೆಚ್ಚುಕಡಿಮೆ ಎಲ್ಲದರ ಹಿಡಿಕೆಯನ್ನೂ ಈ ಕಡೆಯಿಂದ ಆ ಕಡೆಗೆ ಹಾಕಬಹುದು. ಎರಡು ಥರ ಇರುತ್ತದೆ.

ಒಂದು, ಅಗ್ಗದ ರೀಲುಗಳಲ್ಲಿ ಬರೋದು. ಹಿಡಿಕೆಯ ಎದುರುಗಡೆ ಒಂದು ಸಣ್ಣ ತಿರುಪು ಮುಚ್ಚಳ ಇರುತ್ತದೆ. ಅದನ್ನು ಬಿಚ್ಚಿದರೆ ಹಿಡಿಕೆ ತನ್ನ ಕಡ್ಡಿ ಸಮೇತ ಈಚೆ ಬರುತ್ತದೆ. ಕಡ್ಡಿ ಚೌಕ ಇರಬಹುದು, ಆರು ಮೂಲೆಯದು ಇರಬಹುದು. ಆ ಕಡೆಯಿಂದ ತೂರಿಸಿ, ಈ ಕಡೆಯಿಂದ ಮುಚ್ಚಳ ಬಿಗಿ ಮಾಡಿ. ಕೆಲವು ಕಂಪನಿಯವರ ತಿರುಪು ಉಲ್ಟಾ ತಿರುಗುತ್ತದೆ. ಬಿಗಿ ಅನಿಸಿದರೆ ಜೋರು ಮಾಡಬೇಡಿ, ಇನ್ನೊಂದು ಕಡೆಗೆ ಮೆಲ್ಲಗೆ ತಿರುಗಿಸಿ ನೋಡಿ.

ಇನ್ನೊಂದು, ಹಿಡಿಕೆಯೇ ನೇರ ಗೇರಿಗೆ ತಿರುಪಿನಂತೆ ಕೂರೋದು. ಇದನ್ನು ಬಿಚ್ಚೋಕೆ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದರೆ ಸಾಕು, ಕಳಚಿಕೊಳ್ಳುತ್ತದೆ. ರೀಲಿನ ಹೊಟ್ಟೆ ಕೆಳಗೆ ಹಿಮ್ಮುಖ ತಡೆಯೋ ಸ್ವಿಚ್ ಇದ್ದರೆ ಅದು ಆನ್ ಇರಬೇಕು. ಬಿಚ್ಚಿದ ಕಡ್ಡಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಚೆನ್ನಾಗಿದೆ ಅದು. ಒಂದು ದಪ್ಪ ಮರೆ (ತಿರುಪಿನ ಸುತ್ತುಗೆರೆ), ಒಂದು ಸಣ್ಣ ಮರೆ, ಎರಡೂ ಬೇರೆ ಬೇರೆ ದಿಕ್ಕಿಗೆ ಕೊರೆದಿರುತ್ತವೆ. ಎಡಕ್ಕೆ ಹಾಕಿದರೂ ಬಲಕ್ಕೆ ಹಾಕಿದರೂ ಮುಂದಕ್ಕೆ ಸುತ್ತಿದಷ್ಟೂ ಬಿಗಿಯಾಗಲಿ ಅಂತ ಆ ಏರ್ಪಾಟು.

ಬುಡದಲ್ಲಿ ತೆಳ್ಳಗಿನ ವಾಷರ್ ಇರಬಹುದು. ಬಿಳಿ ಬಟ್ಟೆ ಹಾಸಿಕೊಂಡು ಬಿಚ್ಚಿ. ಖಾಲಿ ತೂತಿಗೆ ಮುಚ್ಚಳ ಹಾಕೋದು ಮರೀಬೇಡಿ, ನಮ್ಮ ಕಡೆ ಕರಿಮಣ್ಣಿನ ಧೂಳು ಒಳಗೆ ಹೋದರೆ ಗೇರ್ ಕರಕರ ಅನ್ನುತ್ತದೆ.

ಹಿಡಿಕೆ ಬದಲಾಯಿಸಿದರೆ ದಾರ ಬಿಚ್ಚಿ ಮತ್ತೆ ಸುತ್ತಬೇಕಾ ಅಂತ ತುಂಬಾ ಜನ ಕೇಳ್ತಾರೆ. ಬೇಡ. ಯಾವ ಕಡೆಯಿಂದ ಮುಂದಕ್ಕೆ ಸುತ್ತಿದರೂ ಒಳಗಿನ ಗೇರ್ ತಿರುಗೋದು ಒಂದೇ ದಿಕ್ಕಿಗೆ.

ಡಬ್ಬಿ ಮೇಲೆ ಲೆಫ್ಟ್ ಹ್ಯಾಂಡ್ ಅಂತ ಇದ್ದರೆ ಹಿಡಿಕೆ ಎಡಕ್ಕಿದೆ ಅಂತ ಅರ್ಥ, ಅಷ್ಟೇ. ಕೊಳ್ಳೋರು ಬಹಳ ಮಂದಿ ಬಲಗೈಯವರೇ. ನಿಮ್ಮ ಗೆಳೆಯರಿಗೂ ಹೇಳಿ.

ಬೆಣ್ಣೆತೊರೆ_ಗಾಳ, ಕಲಬುರಗಿ
ಥ್ಯಾಂಕ್ಸ್ ಅಣ್ಣಾ. ನಂದು ಮೊದಲನೇ ಥರದ್ದು. ಐದು ನಿಮಿಷದ ಕೆಲಸ. ಈಗ ಹಿಡಿಕೆ ಬಲಕ್ಕೆ ಬಂತು. ಬಲಗೈಲಿ ಎಸೆದು, ರಾಡನ್ನು ಎಡಗೈಗೆ ಕೊಟ್ಟು, ಬಲಗೈಲಿ ಸುತ್ತುತ್ತೇನೆ. ಇದು ಸರಿನಾ? ಬೇಟ್‌ಕಾಸ್ಟರ್‌ನಲ್ಲೂ ಹೀಗೇ ಹಿಡಿಕೆ ಬದಲಾಯಿಸಬಹುದಾದರೆ ಯಾವುದೋ ಒಂದು ತಗೊಂಡುಬಿಡ್ತೀನಿ.

ಗೇರ್_ಗ್ರೀಸ್, ಬೀದರ್
ಆಗೋದಿಲ್ಲ. ಬೇಟ್‌ಕಾಸ್ಟರ್‌ನಲ್ಲಿ ಹಿಡಿಕೆ, ಅದರ ಬುಡದ ನಕ್ಷತ್ರದಾಕಾರದ ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ದಾರ ಎಷ್ಟು ಬಿಗಿಯಲ್ಲಿ ಜಾರಬೇಕು ಅಂತ ಹೊಂದಿಸೋದು), ಗೇರ್ ಎಲ್ಲಾ ಒಂದೇ ಪಕ್ಕಕ್ಕೆ. ಎಸೆಯುವಾಗ ವೇಗ ತಗ್ಗಿಸೋ ಬ್ರೇಕ್ ಇನ್ನೊಂದು ಪಕ್ಕಕ್ಕೆ. ಎಡದ್ದು ತಗೊಂಡರೆ ಕೊನೇತನಕ ಎಡದ್ದೇ. ಹಾಗಾಗಿ ತಲೆ ಕೆಡಿಸಿಕೊಳ್ಳೋದು ಈ ರೀಲಿಗೆ ಮಾತ್ರ.

ಸುರಪುರ_ಕೊರಮೀನು, ಯಾದಗಿರಿ ಜಿಲ್ಲೆ
ಮುರ್ರೆಲ್ ಅಂದ್ರೆ ನಾವು ಕೊರಮೀನು ಅನ್ನೋದು. ಅದಕ್ಕೆ ಅಂತಲೇ ತಗೋತಿದ್ದರೆ ಕಣ್ಣು ಮುಚ್ಚಿ ಎಡ ಹಿಡಿಕೆ ತಗೊಳ್ಳಿ. ಯಾಕೆ ಅಂತ ಹೇಳ್ತೀನಿ.

ಜೊಂಡಿನ ನಡುವೆ ಒಂದು ಬಾಗಿಲಗಲ ನೀರು ಕಾಣುತ್ತಿದೆ ಅಂದುಕೊಳ್ಳಿ. ಅಲ್ಲಿ ಒಂದು ಗುಳ್ಳೆ ಎದ್ದಿತು. ಕೊರಮೀನು ಗಾಳಿ ಕುಡಿಯೋಕೆ ಮೇಲೆ ಬಂದು ಹೋಯಿತು ಅಂತ ಲೆಕ್ಕ. ನೀವು ಬಲಗೈಲಿ ರಬ್ಬರ್ ಕಪ್ಪೆ ಎಸೆಯುತ್ತೀರಿ. ಎಸೆಯುವಾಗ ರೀಲಿನ ಸ್ಪೂಲ್ (ದಾರ ಸುತ್ತಿರೋ ಉರುಳೆ) ಬಿಟ್ಟುಕೊಂಡಿರುತ್ತದೆ, ಬಲ ಹೆಬ್ಬೆರಳು ಅದರ ಮೇಲೆ. ಕಪ್ಪೆ ಎಲೆ ಮೇಲೆ ಪಟ್ ಅಂತ ಬಿತ್ತು. ಬಿದ್ದ ಕ್ಷಣಕ್ಕೇ ಕೆಳಗಿಂದ ಹೊಡೆತ! ಇದು ಅಪರೂಪ ಅಲ್ಲ, ಕೊರಮೀನು ಹೊಂಚು ಹಾಕಿ ಕೂತಿದ್ದರೆ ಹೀಗೇ ಹೊಡೆಯೋದು. ಆ ಹೊತ್ತಿಗೆ ನೀವು ರಾಡನ್ನು ಬಲಗೈಯಿಂದ ಎಡಗೈಗೆ ದಾಟಿಸುತ್ತಿದ್ದರೆ ಏನಾಯಿತು? ದಾರ ಸಡಿಲ. ಸ್ಪೂಲ್ ಇನ್ನೂ ಬಿಟ್ಟೇ ಇದೆ, ಹಿಡಿಕೆ ತಿರುಗಿಸಿ ಕಟಕ್ ಅನ್ನಿಸದೆ ಅದು ಕಚ್ಚಿಕೊಳ್ಳೋಲ್ಲ. ರಾಡ್ ಎತ್ತಿದರೆ ಸ್ಪೂಲ್ ಸುಮ್ನೆ ಗಿರ್ರ್ ಅಂತ ತಿರುಗಿ ದಾರ ಗೂಡು ಕಟ್ಟುತ್ತದೆ. ಮೀನು ಉಗಿದು ಹೋಯಿತು.

ಎಡ ಹಿಡಿಕೆ ಇದ್ದರೆ ಬಲಗೈ ರಾಡ್ ಬಿಡೋದೇ ಇಲ್ಲ. ಕಪ್ಪೆ ಗಾಳಿಯಲ್ಲಿದ್ದಾಗಲೇ ಎಡಗೈ ಹಿಡಿಕೆ ಮೇಲೆ ಬಂದಿರುತ್ತದೆ. ಬಿದ್ದ ಕೂಡಲೇ ಅರ್ಧ ಸುತ್ತು, ಕಟಕ್, ರೆಡಿ.

ಕಪ್ಪೆಯನ್ನು ಕುಣಿಸೋದೂ ರಾಡ್ ಹಿಡಿದ ಕೈಯೇ. ಟಕ್ ಟಕ್ ಅಂತ ತುದಿ ಅಲ್ಲಾಡಿಸಿ, ನಿಲ್ಲಿಸಿ, ಮತ್ತೆ ಅಲ್ಲಾಡಿಸಬೇಕು. ಆ ನಾಜೂಕು ಕೆಲಸ ಬಲಗೈಗೇ ಇರಲಿ. ಹಿಡಿಕೆ ಸುತ್ತೋದು ಎಡಗೈಗೆ ಒಂದು ವಾರದಲ್ಲಿ ಬರುತ್ತದೆ.

ಮಾತು ಬಂತು ಅಂತ ಹೇಳ್ತೀನಿ. ಮಳೆಗಾಲದಲ್ಲಿ ಕೆಂಪು ಕೆಂಪು ಮರಿಗಳ ಹಿಂಡು ನೀರ ಮೇಲೆ ಕಂಡರೆ ಅಲ್ಲಿ ಕಪ್ಪೆ ಎಸೀಬೇಡಿ. ಕೆಳಗೆ ತಾಯಿ ತಂದೆ ಕಾಯುತ್ತಿರುತ್ತವೆ. ಕೆಣಕಿದರೆ ಹೊಡೆದೇ ಹೊಡೆಯುತ್ತವೆ. ಅವನ್ನು ಹಿಡಿದರೆ ಆ ಹಿಂಡು ಉಳಿಯೋಲ್ಲ.

ಕಾರಂಜಾ_ಕಾಕಾ, ಭಾಲ್ಕಿ
ಎಲ್ಲರೂ ಎಡ ಎಡ ಅಂತಿದ್ದೀರಿ. ಬಲದ ಪರವಾಗಿ ಒಬ್ಬ ಮುದುಕನಾದರೂ ಮಾತಾಡಬೇಕಲ್ಲ.

ನಾನು ಆಡೋದು ಕಾರಂಜಾ ಡ್ಯಾಮಿನಲ್ಲಿ, ಕಾಟ್ಲಾ ರೋಹುಗೆ. ಶೇಂಗಾ ಹಿಂಡಿ, ತೌಡು ಕಲಸಿ ಉಂಡೆ ಕಟ್ಟಿ ಎಸೆದು, ರಾಡನ್ನು ಕವಲುಕೋಲಿಗೆ ಒರಗಿಸಿ ಚಹಾ ಕುಡೀತಾ ಕೂರೋದು. ಎಸೆದ ಮೇಲೆ ಕೈ ಬದಲಾಯಿಸೋಕೆ ಟೈಮಿಲ್ಲ ಅನ್ನೋ ಮಾತೇ ಇಲ್ಲಿಲ್ಲ. ಬೇಕಾದರೆ ರೊಟ್ಟಿ ತಿಂದು ಬಂದು ಬದಲಾಯಿಸಬಹುದು. ಆದರೆ ಒಮ್ಮೆ ದೊಡ್ಡ ಕಾಟ್ಲಾ ಕಚ್ಚಿತು ಅಂದ್ರೆ ಹೊತ್ತು ಹೋಗುತ್ತದೆ. ರಾಡ್ ಮೇಲಕ್ಕೆ ಎತ್ತು, ಇಳಿಸುತ್ತಾ ಸುತ್ತು, ಮತ್ತೆ ಎತ್ತು. ಆಗ ಸುತ್ತೋ ಕೈಗೆ ದಮ್ಮು ಬೇಕು. ಎಡಗೈಲಿ ಸುತ್ತೋ ಹುಡುಗರ ಹಿಡಿಕೆ ಅಲುಗಾಡಿ, ಜೊತೆಗೆ ರಾಡಿನ ತುದಿಯೂ ಕುಣಿಯೋದನ್ನು ನೋಡಿದ್ದೇನೆ. ನಮ್ಮ ತಾಯಿ ಕೈ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಳು. ಹಿಡಿಕೆ ಬಲಗೈಗೆ, ಬಟ್ಟೆ ನಡೆಸೋದು ಎಡಗೈಗೆ. ಯಾರಾದರೂ ತಕರಾರು ತೆಗೆದರಾ?

ಸ್ವೀಡನ್ನಿನ ಆಬು ಕಂಪನಿ 1952ರಲ್ಲಿ ಅಂಬಾಸಡರ್ ರೀಲ್ ತಂದಾಗ ಹಿಡಿಕೆ ಬಲಕ್ಕೇ ಇತ್ತು. ಎಷ್ಟೋ ಜನ ಬಲಗೈಯವರು ಎಸೆದು, ಕೈ ಬದಲಾಯಿಸಿ, ಸುತ್ತಿ, ದೊಡ್ಡ ದೊಡ್ಡ ಮೀನು ಹಿಡಿದರು. ಸಮುದ್ರದಲ್ಲಿ ದೋಣಿಯಿಂದ ಎಳೆಯೋ ದೊಡ್ಡ ರೀಲುಗಳು ಇವತ್ತಿಗೂ ಹೆಚ್ಚಾಗಿ ಬಲ ಹಿಡಿಕೆಯವೇ.

ಸುರಪುರ_ಕೊರಮೀನು, ಯಾದಗಿರಿ ಜಿಲ್ಲೆ
ಕಾಕಾ, ಹೊಲಿಗೆ ಮಷಿನಿನ ಬಟ್ಟೆ ಜೊಂಡಿನೊಳಗೆ ಓಡಿ ಹೋಗೋದಿಲ್ಲ 😄

ಕಾರಂಜಾ_ಕಾಕಾ, ಭಾಲ್ಕಿ
ನಮ್ಮ ತಾಯಿ ಕೈಲಿ ಓಡೋ ಧೈರ್ಯ ಅದಕ್ಕಿರಲಿಲ್ಲ.

ಗೇರ್_ಗ್ರೀಸ್, ಬೀದರ್
ಕಾಕಾ ಹೇಳಿದ್ದರಲ್ಲಿ ಅರ್ಥ ಇದೆ. ಆದರೆ ಸ್ಪಿನ್ನಿಂಗ್ ರೀಲಿನ ಕಥೆ ಬೇರೆ ಥರ ನಡೆದಿದೆ. ಫ್ರಾನ್ಸಿನ ಮಿಚೆಲ್ 300 ಅಂತ ಹೆಸರಾದ ರೀಲಿಗೆ ಹಿಡಿಕೆ ಎಡಕ್ಕಿತ್ತು. ಎಡಗೈಯವರಿಗೆ ಅಂತ 301 ಮಾಡಿದರು, ಅದರ ಹಿಡಿಕೆ ಬಲಕ್ಕೆ. ಅಂದ್ರೆ ಬಲಗೈಯವನು ಸ್ಪಿನ್ನಿಂಗ್‌ನಲ್ಲಿ ಎಡಗೈಲಿ ಸುತ್ತೋದು, ಬೇಟ್‌ಕಾಸ್ಟರ್‌ನಲ್ಲಿ ಬಲಗೈಲಿ ಸುತ್ತೋದು, ಎರಡೂ ರೂಢಿಯಾಗಿಬಿಟ್ಟಿತು. ಈಗಲೂ ಒಬ್ಬನೇ ಮನುಷ್ಯ ಎರಡೂ ಥರ ಮಾಡೋದನ್ನು ನೋಡಬಹುದು.

ಇನ್ನು ದಮ್ಮಿನ ಮಾತು. ದೊಡ್ಡ ಮೀನನ್ನು ಎಳೆದು ತರೋದು ರಾಡ್ ಹಿಡಿದ ತೋಳು. ಹಿಡಿಕೆ ಸುತ್ತೋ ಕೈ ಸಡಿಲಾದ ದಾರ ತುಂಬಿಕೊಳ್ಳುತ್ತದೆ, ಅಷ್ಟೇ. ಹಿಡಿಕೆಯಲ್ಲೇ ಜಗ್ಗಿದರೆ ಗೇರ್ ಸವೆಯುತ್ತದೆ. ಡ್ರ್ಯಾಗ್ ಜಾರುತ್ತಿರುವಾಗ ಸುತ್ತುತ್ತಾ ಇದ್ದರೆ ಸ್ಪಿನ್ನಿಂಗ್ ರೀಲಿನಲ್ಲಿ ದಾರ ಮುರಿ ಬೀಳುತ್ತದೆ, ಆಮೇಲೆ ಪ್ರತಿ ಎಸೆತಕ್ಕೂ ಗಂಟು. ಹಾಗಾಗಿ ಬಲವಾದ ತೋಳು ರಾಡಿಗೆ ಇರಲಿ ಅನ್ನೋದು ನನ್ನ ಅಭಿಪ್ರಾಯ.

ಎಡಗೈ_ಅಕ್ಕ, ಕಲಬುರಗಿ
ಇಷ್ಟೊತ್ತು ಓದಿದೆ. ಎಡಚರ ಬಗ್ಗೆ ಮಾತಾಡುವವರೆಲ್ಲ ಬಲಗೈಯವರೇ ಇದ್ದೀರಿ! ನಾನು ಹುಟ್ಟಾ ಎಡಗೈ. ಎಡಗೈಲಿ ಎಸೆಯುತ್ತೇನೆ, ಬಲಗೈಲಿ ಸುತ್ತುತ್ತೇನೆ. ಹಾಗಾಗಿ ನನಗೆ ಬೇಕಾದದ್ದು ಬಲ ಹಿಡಿಕೆಯ ರೀಲ್. ಅಂಗಡಿಗೆ ಹೋಗಿ ನಾನು ಎಡಗೈ ಅಂದರೆ ಸಾಕು, ಎಡ ಹಿಡಿಕೆಯದ್ದು ತಂದು ಮುಂದೆ ಇಡುತ್ತಾರೆ. ಈಗ ಏನೂ ಹೇಳೋದಿಲ್ಲ, ಹಿಡಿಕೆ ಬಲಕ್ಕಿರೋದು ಕೊಡಿ ಅಂತೀನಿ, ಮುಗೀತು.

ಕತ್ತರಿ, ಬಕೆಟ್ ಮೇಲಿನ ನಲ್ಲಿ, ಶಾಲೆಯ ಕುರ್ಚಿ ಹಲಗೆ, ಎಲ್ಲಾ ನಮಗೆ ಉಲ್ಟಾ. ಹಳೇ ಬೇಟ್‌ಕಾಸ್ಟರ್ ರೀಲುಗಳು ಮಾತ್ರ ನಮ್ಮ ಕೈಗೆ ಹೇಳಿ ಮಾಡಿಸಿದ ಹಾಗಿವೆ. ಇದೊಂದು ಖುಷಿಯನ್ನಾದರೂ ನಮಗೆ ಬಿಡಿ.

ಮಗಳಿಗೂ ಎಡಗೈ ರೂಢಿ. ಎಂಟು ವರ್ಷ. ಅವಳಿಗೆ 1000 ಸೈಜಿನ ಸಣ್ಣ ಸ್ಪಿನ್ನಿಂಗ್ ರೀಲ್ ಕೊಟ್ಟು, ಹಿಡಿಕೆ ಯಾವ ಕಡೆ ಬೇಕು ಅಂತ ಕೇಳಲಿಲ್ಲ. ಖಾಲಿ ರಾಡ್ ಕೊಟ್ಟು "ಎಸೆ" ಅಂದೆ. ಯಾವ ಕೈಲಿ ಎಸೆದಳೋ ಅದರ ಎದುರು ಕಡೆಗೆ ಹಿಡಿಕೆ ಹಾಕಿದೆ. ಅಷ್ಟೇ. ಜಿಲೇಬಿ ಮೀನು ಹಿಡೀತಾಳೆ, ಬಿಡ್ತಾಳೆ.

ಮಾಂಜ್ರಾ_ಮಂಜಾನೆ, ಬೀದರ್
ಬಲ ಭುಜ ಹಿಡಕೊಂಡಿರೋ ನನ್ನಂಥವರದ್ದೂ ಒಂದು ಮಾತು ಇರಲಿ. ಕೈ ಮೇಲೆತ್ತಿದರೆ ನೋವು, ಬಲಗೈಲಿ ಎಸೆಯೋಕೆ ಆಗೋದಿಲ್ಲ. ಎರಡೂ ಕೈಲಿ ರಾಡಿನ ಬುಡ ಹಿಡಿದು ಎಡ ಭುಜದ ಮೇಲಿಂದ ಎಸೆಯೋದು ಕಲಿತೆ. ಹಿಡಿಕೆ ಬಲಕ್ಕೆ ಹಾಕಿದ್ದೇನೆ. ಸುತ್ತೋವಾಗ ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇರುತ್ತದೆ, ಭುಜಕ್ಕೆ ಕೆಲಸವೇ ಇಲ್ಲ. ರಾಡಿನ ಭಾರ ಹೊರೋದು ಯಾವ ಕೈ ಅಂತ ನೋಡಿಕೊಂಡು ಹಿಡಿಕೆ ಹಾಕಿ. ಸ್ಪಿನ್ನಿಂಗ್ ಆದ್ದರಿಂದ ಬಚಾವ್, ಬೇಟ್‌ಕಾಸ್ಟರ್ ಆಗಿದ್ದರೆ ಹೊಸದು ಕೊಳ್ಳಬೇಕಿತ್ತು.

ಬೆಣ್ಣೆತೊರೆ_ಗಾಳ, ಕಲಬುರಗಿ
ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಶರಣು. ಇನ್ನೂ ಎರಡು ಪ್ರಶ್ನೆ. ರಾಡಿನಲ್ಲೂ ಎಡ ಬಲ ಅಂತ ಇರುತ್ತಾ? ಎಡ ಹಿಡಿಕೆ ಬೇಟ್‌ಕಾಸ್ಟರ್‌ನ ಗೇರ್ ಸ್ವಲ್ಪ ವೀಕ್ ಅಂತ ಒಬ್ಬರು ಹೇಳಿದರು, ನಿಜಾನಾ?

ಗೇರ್_ಗ್ರೀಸ್, ಬೀದರ್
ರಾಡಿನಲ್ಲಿ ಎಡ ಬಲ ಇಲ್ಲ. ಆದರೆ ಸ್ಪಿನ್ನಿಂಗ್ ರಾಡಿಗೆ ಬೇಟ್‌ಕಾಸ್ಟರ್ ಹಾಕಬೇಡಿ. ಬೇಟ್‌ಕಾಸ್ಟರ್ ಮೇಲೆ ಕೂರುತ್ತದೆ, ಅದರ ರಾಡಿನ ಬಳೆ ಸಣ್ಣವು, ಕೆಳಗೆ ಬೆರಳು ಸಿಗಿಸೋಕೆ ಒಂದು ಕೊಕ್ಕೆ ಇರುತ್ತದೆ. ಅದು ಬೇರೆಯೇ ತಗೋಬೇಕು.

ಗೇರ್ ವೀಕ್ ಅನ್ನೋದು ಸುಳ್ಳು. ಒಂದೇ ಮಾಡೆಲ್ಲಿನ ಎಡ ಬಲ ಎರಡೂ ಕನ್ನಡಿ ಹಿಡಿದಂತೆ ಒಂದೇ. ವ್ಯತ್ಯಾಸ ಇರೋದು ಅಂಗಡಿಯಲ್ಲಿ ಸಿಗೋದರಲ್ಲಿ. ಎಡದ್ದು ಸ್ಟಾಕ್ ಇಲ್ಲ ಅಂತ ಬಲದ್ದನ್ನು ತಳ್ಳೋರು ಇದ್ದಾರೆ. ಆನ್‌ಲೈನ್‌ನಲ್ಲಿ ಫೋಟೋ ಒಂದು, ಬರೋದು ಒಂದು. ಅದಕ್ಕೇ ಮಾಡೆಲ್ ಅಂಕೆ ಓದಿ. ಶಿಮಾನೋ ಬೇಟ್‌ಕಾಸ್ಟರ್‌ಗಳಲ್ಲಿ ಸಾಮಾನ್ಯವಾಗಿ 150 ಅಂದ್ರೆ ಬಲ, 151 ಅಂದ್ರೆ ಎಡ. ಹಾಗೇ 200, 201. ಆಬುದಲ್ಲಿ 6500 ಬಲ, 6501 ಎಡ. ಡೈವಾದಲ್ಲಿ ಹೆಸರಿನ ಕೊನೆಗೆ 'ಎಲ್' ಅಕ್ಷರ ಇದ್ದರೆ ಎಡ.

ಭೀಮಾ_ದಂಡಿ, ಅಫಜಲಪುರ
ಒಂದು ಪರೀಕ್ಷೆ ಹೇಳ್ತೀನಿ. ಯಾರದ್ದಾದರೂ ಬೇಟ್‌ಕಾಸ್ಟರ್ ಇಸ್ಕೊಂಡು ಅಂಗಳದಲ್ಲಿ ಗಾಳ ಇಲ್ಲದ ತೂಕ ಕಟ್ಟಿ ಎಸೆ. ಈ ರೀಲಿನಲ್ಲಿ ಮುಖ್ಯವಾದದ್ದು ಹೆಬ್ಬೆರಳು. ತೂಕ ನೆಲಕ್ಕೆ ಬೀಳೋ ಮುಂಚೆ ಸ್ಪೂಲ್ ಮೇಲೆ ಮೆಲ್ಲಗೆ ಒತ್ತಬೇಕು, ಇಲ್ಲಾಂದ್ರೆ ಸ್ಪೂಲ್ ತಿರುಗುತ್ತಲೇ ಇದ್ದು ದಾರ ಹಕ್ಕಿ ಗೂಡಾಗುತ್ತದೆ. ಯಾವ ಕೈ ಹೆಬ್ಬೆರಳಿಗೆ ಬುದ್ಧಿ ಜಾಸ್ತಿ ನೋಡು. ಎಸೆಯೋದು ಆ ಕೈ. ಹಿಡಿಕೆ ಇನ್ನೊಂದು ಕಡೆಗೆ.

ಹೊಳೆಗೆ ಇಳಿಯೋರಿಗೆ ಒಂದು ಮಾತು. ಸೊನ್ನ ಬ್ಯಾರೇಜ್ ಕೆಳಗೆ, ಸನ್ನತಿ ಬ್ಯಾರೇಜ್ ಕೆಳಗೆ ಭೀಮಾ ನದಿಯ ಬಂಡೆ ಮೇಲೆ ಹೋಗಿ ನಿಲ್ಲಬೇಡಿ. ಗೇಟ್ ತೆಗೆದರೆ ನೀರು ಹೇಳಿ ಕೇಳಿ ಬರೋದಿಲ್ಲ.

ಸುರಪುರ_ಕೊರಮೀನು, ಯಾದಗಿರಿ ಜಿಲ್ಲೆ
ಕೃಷ್ಣಾ ಕಡೆ ಬರೋರು ಮೊಣಕಾಲು ನೀರಿಗೂ ಇಳೀಬೇಡಿ, ಮೊಸಳೆ ಇವೆ. ಕೆರೆ, ಡ್ಯಾಮು ಗುತ್ತಿಗೆಗೆ ಹೋಗಿದ್ದರೆ ಅವರನ್ನು ಕೇಳಿಯೇ ಗಾಳ ಹಾಕಿ. ಸುಮ್ನೆ ಜಗಳ ಬೇಡ.

ಎಡಗೈ_ಅಕ್ಕ, ಕಲಬುರಗಿ
ಸನ್ನತಿಗೆ ಹೋದರೆ ಪಕ್ಕದ ಕನಗನಹಳ್ಳಿ ನೋಡಿ ಬನ್ನಿ. ಅಶೋಕನ ಹೆಸರು ಕೆತ್ತಿರೋ ಅವನ ಶಿಲ್ಪ ಸಿಕ್ಕ ಜಾಗ ಅದು. ಮೀನು ಸಿಗದಿದ್ದರೂ ಹೋಗಿದ್ದು ದಂಡ ಆಗೋದಿಲ್ಲ.

ಕಾರಂಜಾ_ಕಾಕಾ, ಭಾಲ್ಕಿ
ತಮ್ಮಾ, ನಾನು ಬಲದ ಪರ ಎಷ್ಟೇ ವಾದ ಮಾಡಿದರೂ ನಿನಗೆ ಹೇಳೋದಾದರೆ ಎಡದ್ದೇ ತಗೋ. ನೀನು ಹೊಸಬ, ಕೈಗೆ ಯಾವ ರೂಢಿಯೂ ಬಿದ್ದಿಲ್ಲ. ನನ್ನ ಕೈ ಬಲಕ್ಕೆ ಪಳಗಿದೆ, ಅದನ್ನು ಈಗ ಬದಲಾಯಿಸೋಕೆ ಹೋದರೆ ಎರಡೂ ಕೆಟ್ಟಾವು. ಕಾಟ್ಲಾಕ್ಕೆ ಬೇಕಾದಾಗ ಭಾಲ್ಕಿಗೆ ಬಾ, ನನ್ನ ಹಳೇ ರೀಲ್ ಕೊಡ್ತೀನಿ, ಕೈ ಬದಲಾಯಿಸಿ ನೋಡುವಿಯಂತೆ.

ಬೆಣ್ಣೆತೊರೆ_ಗಾಳ, ಕಲಬುರಗಿ
ಖಂಡಿತ ಬರ್ತೀನಿ ಕಾಕಾ. ಎಡ ಹಿಡಿಕೆಯದ್ದನ್ನೇ ಆರ್ಡರ್ ಮಾಡಿದೆ. ಕೊನೆಯ ಅಂಕೆ 1 ಇದೆ ಅಂತ ಎರಡು ಸಲ ನೋಡಿದೆ. ಗೇರ್ 7:1 ಅಂತಿದೆ, ಪರವಾಗಿಲ್ವಾ? ದಾರ 40 ಪೌಂಡ್ ಎಳೆತ ತಡೆಯೋ ಬ್ರೇಡ್ (ಹೆಣೆದ ದಾರ).

ಸುರಪುರ_ಕೊರಮೀನು, ಯಾದಗಿರಿ ಜಿಲ್ಲೆ
ಪರವಾಗಿಲ್ಲ, ಒಳ್ಳೇದೇ. ಹಿಡಿಕೆ ಒಂದು ಸುತ್ತಿಗೆ ಸ್ಪೂಲ್ ಏಳು ಸುತ್ತು. ಎಡಗೈ ನಿಧಾನ ಇದ್ದರೂ ಸಡಿಲ ದಾರ ಬೇಗ ತುಂಬಿಕೊಳ್ಳುತ್ತದೆ. ಕೊರಮೀನು ಕಚ್ಚಿದ ಮೇಲೆ ಜೊಂಡಿನ ಬೇರಿಗೆ ಸುತ್ತಿಕೊಳ್ಳೋಕೆ ಬಿಡಬಾರದಲ್ಲ. ಜೊಂಡಿಗೆ 40 ಪೌಂಡ್ ಸರಿ.

ಒಂದು ಕೆಲಸ ಮಾಡಿ. ಪಾರ್ಸೆಲ್ ಬರೋತನಕ ಆ ಸ್ಪಿನ್ನಿಂಗ್ ರೀಲಿನ ಹಿಡಿಕೆಯನ್ನು ವಾಪಸ್ ಎಡಕ್ಕೇ ಹಾಕಿಬಿಡಿ. ಸಂಜೆ ಟಿವಿ ನೋಡ್ತಾ ಸುತ್ತಿ. ಎಡಗೈಗೆ ಅಷ್ಟರಲ್ಲಿ ರೂಢಿ ಆಗಿರುತ್ತದೆ.

ಬೆಣ್ಣೆತೊರೆ_ಗಾಳ, ಕಲಬುರಗಿ
ಈಗಷ್ಟೇ ಹಾಕಿದೆ. ಚೆನ್ನಾಗಿ ತಿರುಗುತ್ತಿದೆ. ಆದರೆ ಬಟ್ಟೆ ಮೇಲೆ ಒಂದು ವಾಷರ್ ಉಳಿದಿದೆ.

ಗೇರ್_ಗ್ರೀಸ್, ಬೀದರ್
ಮುಚ್ಚಳದ ಬುಡದ್ದಾ, ಹಿಡಿಕೆ ಬುಡದ್ದಾ? ಫೋಟೋ ಹಾಕಿ. ಅಲ್ಲೀತನಕ ಸುತ್ತಬೇಡಿ ಮಾರಾಯ್ರೇ.